ಸೂರ್ಯ ಮುಳುಗುವ ಮುನ್ನ ಕೂಲಿ
(ಮೇ 1, ಶ್ರಮಿಕರ ಪಾಲಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ)



ಮೇ 1 ಜಗತ್ತಿಗೆಲ್ಲ ಕಾರ್ಮಿಕರ ದಿನ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಈ ದಿನವನ್ನು ಬಡಗಿಯಾಗಿ ದುಡಿದ ಸಂತ ಜೋಸೆಫರಿಗೆ ಮೀಸಲಿಟ್ಟರು. ಯೇಸುಸ್ವಾಮಿ ಬೆಳೆದದ್ದು ದುಡಿದು ಉಣ್ಣುವ ಮನೆಯಲ್ಲಿ. ಜೋಸೆಫರ ಕೂಲಿಯನ್ನು ಯಾರಾದರೂ ಬಾಕಿ ಉಳಿಸಿಕೊಂಡಿದ್ದರೆ, ಅಂದು ಬಾಲಯೇಸುವಿನ ತಟ್ಟೆಯಲ್ಲೇ ರೊಟ್ಟಿ ಕಡಿಮೆಯಾಗುತ್ತಿತ್ತು.

ನಮ್ಮ ಭಾಗವನ್ನೇ ನೋಡಿ. ಶಹಾಬಾದಿನ ಹಾಸುಗಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ವಾಡಿ, ಸೇಡಂ, ಚಿತ್ತಾಪುರದ ಕಡೆಯ ಸಿಮೆಂಟಿನಿಂದ ಗೋಡೆಗಳು ಎದ್ದಿವೆ. ಚಿಂಚೋಳಿಯ ತೊಗರಿ ದೂರದ ಅಡಿಗೆಮನೆಗಳನ್ನು ಸೇರಿದೆ. ಇದನ್ನೆಲ್ಲ ದುಡಿದು ಕೊಟ್ಟವರ ಪಗಾರ ಪೂರ್ತಿ ಅವರ ಮನೆ ಸೇರಿದೆಯೇ? "ಪಟ್ಟಿಯಾಗ ಒಂದು ರೊಕ್ಕ, ಕೈಯಾಗ ಇನ್ನೊಂದು. ಕೇಳಿದ್ರ ನಾಳಿಂದ ಬರಬ್ಯಾಡ ಅಂತಾರ" ಎಂದು ನೊಂದುಕೊಳ್ಳುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ.

ಪ್ರಿಯರೇ, ಕೂಲಿ ಭಿಕ್ಷೆಯಲ್ಲ, ಅದು ಹಕ್ಕು. ನಮ್ಮ ದೇಶದಲ್ಲಿ 1948ರಲ್ಲೇ ಕನಿಷ್ಠ ವೇತನ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ವೇತನ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗಣಿಗಳಿಗೆ ಕೇಂದ್ರ ಸರ್ಕಾರ, ಹೊಲ ಮತ್ತು ಅಂಗಡಿಗಳಿಗೆ ರಾಜ್ಯ ಸರ್ಕಾರ ಕನಿಷ್ಠ ದರವನ್ನು ಗೊತ್ತುಮಾಡುತ್ತವೆ. ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಕೊಡುವಂತಿಲ್ಲ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟವರಿಗೂ ಬಿಡಿಸಲ್ಪಟ್ಟವರಿಗೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ತೀರಿಸಬೇಕು. ಗುತ್ತೇದಾರ ಕೊಡದಿದ್ದರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಡಬೇಕು.

ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ. ಉದಾಹರಣೆಗೆ, 8 ಗಂಟೆಗೆ 480 ರೂಪಾಯಿ ಪಡೆಯುವವರಿಗೆ ಗಂಟೆಗೆ 60 ಆಯಿತು. ಅವರು ಇನ್ನೂ 2 ಗಂಟೆ ದುಡಿದರೆ 240 ರೂಪಾಯಿ ಸೇರಬೇಕು. ಹೀಗೆ 26 ದಿನ ದುಡಿದರೆ 6,240 ರೂಪಾಯಿ. ಇಷ್ಟು ಹಣ ಕೈತಪ್ಪಿದರೆ ಒಂದು ಮಗುವಿನ ಓದೇ ನಿಂತುಹೋಗಬಹುದು.

"ಅವರೇ ಒಪ್ಪಿ ಬಂದಿದ್ದಾರಲ್ಲ" ಎಂದು ಕೆಲವರು ಹೇಳುತ್ತಾರೆ. ಹಸಿವಿಗೆ ಅಂಜಿ ಕಡಿಮೆ ಕೂಲಿಗೆ ಒಪ್ಪಿದರೂ ಅದು ಅನ್ಯಾಯವೇ ಎಂದು ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲೇ ತಮ್ಮ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಬೋಧಿಸಿದರು. ಕನಿಷ್ಠ ವೇತನದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಇಂದಿನ ಕಾನೂನಿನಲ್ಲೂ ಬೆಲೆಯಿಲ್ಲ.

ದಿನಗೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನವೇ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ದಿನಗೂಲಿಯನ್ನು ಪಾಳಿ ಮುಗಿದ ಕೂಡಲೇ ಕೊಡಬೇಕೆಂದು ನಮ್ಮ ಕಾನೂನೂ ಹೇಳುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸಿದ್ದಾರೆ.

ಹಾಗಾದರೆ ನಾವೇನು ಮಾಡೋಣ? ದುಡಿಯುವವರೇ, ಹಾಜರಿಯನ್ನೂ ಕೈಗೆ ಬಂದ ಹಣವನ್ನೂ ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ. ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ನೇಮಕಾತಿ ಪತ್ರ ಮತ್ತು ವೇತನ ಚೀಟಿ ಕೇಳಿ ಪಡೆಯಿರಿ. ಬಾಕಿ ಕೂಲಿಗಾಗಿ ಮೂರು ವರ್ಷದೊಳಗೆ ಅರ್ಜಿ ಕೊಡಬಹುದು. ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಮಾಲೀಕರದು. ಓದಿದ ಯುವಕ ಯುವತಿಯರೇ, ಒಂಟಿಯಾಗಿ ಹೋಗಲು ಅಂಜುವವರಿಗೆ ಅರ್ಜಿ ಬರೆದುಕೊಡಿ, ಕಾರ್ಮಿಕ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋಗಿ.

ಕೊನೆಗೆ, ನಾವೂ ಕೂಲಿ ಕೊಡುವವರೇ. ಮನೆ ಕಟ್ಟಿದ ಗೌಂಡಿ, ಹೊಲದಲ್ಲಿ ಕಳೆ ತೆಗೆದ ಅಕ್ಕ, ಪಾತ್ರೆ ತೊಳೆಯುವ ತಾಯಿ, ಇವರಲ್ಲಿ ಯಾರ ಬಾಕಿಯಾದರೂ ನಮ್ಮ ಬಳಿ ಉಳಿದಿದೆಯೇ? ಇದ್ದರೆ ಇಂದೇ, ಹಬ್ಬದ ಊಟಕ್ಕೆ ಕೂರುವ ಮುನ್ನವೇ ತೀರಿಸೋಣ. ಸಂತ ಜೋಸೆಫರು ಮೆಚ್ಚುವ ಕಾಣಿಕೆ ಅದೇ. ಆಮೆನ್.