ಮನೆಯ ಸರ್ವರಿಗೆ ನಿವೃತ್ತಿ ಯಾವಾಗ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳನ್ನು ಕುರಿತು ಹಿರಿಯರು ಮಾತನಾಡಿದ ವೇದಿಕೆಯಿದು. ಇಲ್ಲಿ ನನಗೆ ಒಪ್ಪಿಸಿರುವ ವಿಷಯ ತುಸು ವಿಚಿತ್ರವೆಂದು ತಮಗೆ ತೋರಬಹುದು: ಮನೆಯಲ್ಲಿಟ್ಟುಕೊಂಡ ಸರ್ವರ್ ಕಂಪ್ಯೂಟರು ಮುದಿಯಾದಾಗ ಅದನ್ನು ಯಾವಾಗ ಬದಲಾಯಿಸಬೇಕು? ಆದರೆ ಈ ಪ್ರಶ್ನೆ ನಮ್ಮ ನುಡಿಗೆ ದೂರವಾದುದಲ್ಲವೆಂದು ಅರಿಕೆ ಮಾಡಿಕೊಳ್ಳುತ್ತೇನೆ.

ಸರ್ವರ್ ಎಂದೊಡನೆ ದೊಡ್ಡ ಕಚೇರಿಯ ತಣ್ಣನೆಯ ಕೋಣೆಯನ್ನು ನೆನೆಯಬೇಕಾಗಿಲ್ಲ. ಮಕ್ಕಳು ಬಿಟ್ಟುಕೊಟ್ಟ ಹಳೆಯ ಡೆಸ್ಕ್‌ಟಾಪಿಗೆ ಒಂದೆರಡು ಹಾರ್ಡ್ ಡಿಸ್ಕುಗಳನ್ನು ಜೋಡಿಸಿ ಮೂಲೆಯಲ್ಲಿಟ್ಟರೆ, ಅದು ಹಗಲಿರುಳು ನಡೆಯುತ್ತ ಮನೆಮಂದಿಗೆಲ್ಲ ಒಂದೇ ಉಗ್ರಾಣವಾಗುತ್ತದೆ. ಆ ಉಗ್ರಾಣದಲ್ಲಿ ಏನೇನಿದೆ? ಊರ ಮನೆಯ ಪತ್ರಗಳು, ಮದುವೆ ಮುಂಜಿಗಳ ಚಿತ್ರಗಳು, ಅಜ್ಜಿಯ ಸಂಪ್ರದಾಯದ ಹಾಡು, ತಾತ ಹೇಳಿದ ಕಥೆ. ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ಹುಟ್ಟಿ, ಶಾಲೆಯಲ್ಲಿ ಗುಜರಾತಿ ಇಂಗ್ಲಿಷುಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅಜ್ಜಿಯ ಊರಿನ ಕನ್ನಡ ಕೇಳಿಸುವ ಸ್ಥಳ ಎಷ್ಟೋ ಮನೆಗಳಲ್ಲಿ ಅದೊಂದೇ. ಯಂತ್ರ ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಆ ದನಿ ಸಿಗುವುದಿಲ್ಲ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. 'ನಡೆಯುವಷ್ಟು ದಿನ ನಡೆಯಲಿ' ಎಂಬುದು ಒಂದು. 'ಐದು ವರ್ಷವಾಯಿತು, ಹೊಸದು ತರೋಣ' ಎಂಬುದು ಇನ್ನೊಂದು. ಎರಡೂ ಸಾಲವು. ಏಕೆಂದರೆ ಯಂತ್ರದ ಅಂಗಗಳೆಲ್ಲ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಫ್ಯಾನು ಕಿರುಗುಟ್ಟಿದರೆ ಫ್ಯಾನನ್ನು ಬದಲಾಯಿಸಬಹುದು. ಗಡಿಯಾರ ತಪ್ಪುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಾಯಿಸಬಹುದು. ಇವು ನಿವೃತ್ತಿಗೆ ಕಾರಣಗಳಲ್ಲ.

ಡಿಸ್ಕಿನ ಮಾತು ಬೇರೆ. ಗೂಗಲ್ ಸಂಸ್ಥೆಯವರು ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ವರದಿ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ಬಾರಿಗೆ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚೆಂದು ಅದರಲ್ಲಿ ಕಂಡುಬಂದಿತು. ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಡುವ 'ಸ್ಮಾರ್ಟ್' ಎಂಬ ವರದಿಯನ್ನು ಕ್ರಿಸ್ಟಲ್ ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಿಂದ ಯಾರೂ ಓದಬಹುದು. ಕೆಟ್ಟ ಭಾಗಗಳ ಸಂಖ್ಯೆ ಏರುತ್ತಿದ್ದರೆ ತಡಮಾಡಬಾರದು. ಆದರೆ ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಮೊದಲೇ ತೋರಿಸಿರಲಿಲ್ಲ. ಅಂದರೆ, ವರದಿ ಚೆನ್ನಾಗಿದೆಯೆಂದು ನಿಶ್ಚಿಂತರಾಗಿ ಮಲಗುವಂತಿಲ್ಲ.

ಈ ಪ್ರಾಂತದ ಹವೆಯನ್ನೂ ಮರೆಯಬಾರದು. 2016ರ ಮೇ 20ರಂದು ಅಹಮದಾಬಾದಿನಲ್ಲಿ ಉಷ್ಣಮಾನ 48 ಡಿಗ್ರಿ ಮುಟ್ಟಿತು. ಅಂಥ ದಿನಗಳಲ್ಲಿ, ಧೂಳು ತುಂಬಿದ ಪೆಟ್ಟಿಗೆಯೊಳಗೆ ಉಸಿರಾಡುವ ಯಂತ್ರದ ಪಾಡನ್ನು ಊಹಿಸಿಕೊಳ್ಳಿ. ಬೇಸಗೆಗೆ ಮೊದಲೇ ಧೂಳು ತೆಗೆದರೂ, ಮಧ್ಯಾಹ್ನದ ಹೊತ್ತು ತಾನಾಗಿ ನಿಂತುಹೋಗುವ ಯಂತ್ರವು ರಜೆ ಬೇಡುತ್ತಿದೆಯೆಂದೇ ತಿಳಿಯಬೇಕು.

ಇನ್ನು ಲೆಕ್ಕದ ಮಾತು. ಹಳೆಯ ಡೆಸ್ಕ್‌ಟಾಪು ಸರಾಸರಿ 80 ವ್ಯಾಟ್ ಎಳೆಯುತ್ತಿದ್ದರೆ ವರ್ಷಕ್ಕೆ ಸುಮಾರು 700 ಯೂನಿಟ್ ಆಗುತ್ತದೆ. 12 ವ್ಯಾಟಿನ ಈಗಿನ ಪುಟ್ಟ ಯಂತ್ರಕ್ಕೆ ಸುಮಾರು 105 ಯೂನಿಟ್ ಸಾಕು. ಯೂನಿಟ್ಟಿಗೆ 7 ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 4,000 ರೂಪಾಯಿಗೂ ಮಿಕ್ಕಿ ಉಳಿತಾಯ. 16,000 ರೂಪಾಯಿಯ ಯಂತ್ರ ನಾಲ್ಕು ವರ್ಷದೊಳಗೆ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಆದರೆ ತಮ್ಮ ಹಳೆಯ ಯಂತ್ರ 25 ವ್ಯಾಟಿನದೇ ಆಗಿದ್ದರೆ ಉಳಿಯುವುದು ವರ್ಷಕ್ಕೆ 800 ರೂಪಾಯಿ ಮಾತ್ರ. ಅಷ್ಟಕ್ಕಾಗಿ ಹೊಸದನ್ನು ಕೊಳ್ಳಬೇಕಾಗಿಲ್ಲ. ಆದುದರಿಂದ ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ.

ಭದ್ರತೆಯೂ ಒಂದು ಗಡುವು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಹಳೆಯ ಯಂತ್ರಗಳನೇಕಕ್ಕೆ ವಿಂಡೋಸ್ 11 ಹೊಂದುವುದಿಲ್ಲ. ಹಾಗೆಂದು ಗಟ್ಟಿಯಾಗಿರುವ ಯಂತ್ರವನ್ನು ಎಸೆಯಬೇಕಿಲ್ಲ. ಡೆಬಿಯನ್ ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಗಳು ಅದಕ್ಕೆ ಇನ್ನಷ್ಟು ಆಯುಸ್ಸು ಕೊಡಬಲ್ಲವು. ಭದ್ರತೆಯ ತಿದ್ದುಪಡಿ ಸಿಗದ ಯಂತ್ರವನ್ನು ಮಾತ್ರ ಇಂಟರ್‌ನೆಟ್ಟಿಗೆ ತೆರೆದಿಡಬಾರದು.

ಕನ್ನಡಿಗರಾದ ನಮಗೇ ವಿಶೇಷವಾದ ಒಂದು ತೊಡಕಿದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದಿನ ಸಂಕೇತಕ್ರಮದಂತೆ ಬೆರಳಚ್ಚು ಮಾಡಿದ ಕಡತಗಳು, ಆಯಾ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅಜ್ಜನ ಆತ್ಮಕಥೆ ಹಾಗಾದರೆ ಅದು ಇದ್ದೂ ಇಲ್ಲದಂತೆ. ಹಳೆಯ ಯಂತ್ರದಲ್ಲಿ ಅದನ್ನು ಸರಿಯಾಗಿ ಓದಲು ಬರುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.

ಇದರಿಂದ ನನ್ನ ಮುಖ್ಯವಾದ ಮಾತಿಗೆ ಬಂದೆನು. ಉರಿಯುತ್ತಿರುವ ದೀಪದಿಂದಲೇ ಇನ್ನೊಂದು ದೀಪವನ್ನು ಹಚ್ಚಬೇಕು. ಆರಿದ ಮೇಲೆ ಸಾಧ್ಯವಿಲ್ಲ. ಯಂತ್ರವನ್ನು ಬದಲಾಯಿಸತಕ್ಕ ಕಾಲ ಅದು ಸತ್ತ ದಿನವಲ್ಲ. ಅದಿನ್ನೂ ನಡೆಯುತ್ತಿರುವ, ಆದರೆ ನಂಬಿಕೆ ಸಡಿಲವಾದ ದಿನ. ಹೊಸದು ಬಂದ ಮೇಲೂ ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು, ಹಾಡು ಹಾಡುತ್ತದೆಯೇ, ಚಿತ್ರ ತೆರೆಯುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಹಳೆಯದಕ್ಕೆ ವಿದಾಯ ಹೇಳಬೇಕು. ಅದರ ಡಿಸ್ಕನ್ನು ಪೂರ್ತಿ ಅಳಿಸಿ, ಯಂತ್ರವನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸಬೇಕೇ ಹೊರತು ಗುಜರಿಗೆ ಹಾಕಬಾರದು.

ಹೊಸ ಯಂತ್ರವೊಂದೇ ರಕ್ಷೆಯೆಂದೂ ಭಾವಿಸಬೇಡಿರಿ. 2006ರ ಆಗಸ್ಟಿನಲ್ಲಿ ತಾಪಿ ನದಿ ಉಕ್ಕಿ ಸೂರತ್ತಿನ ಬಹುಭಾಗವನ್ನು ಮುಳುಗಿಸಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ವಡೋದರದ ಮನೆಗಳಿಗೆ ನುಗ್ಗಿತು. ನೆರೆಗೆ ಹೊಸ ಯಂತ್ರ ಹಳೆಯ ಯಂತ್ರವೆಂಬ ಭೇದವಿಲ್ಲ. ಸೂರತ್ತಿನವರ ಪ್ರತಿಯೊಂದು ಅಹಮದಾಬಾದಿನ ಬಂಧುಗಳಲ್ಲಿರಲಿ, ವಡೋದರದವರದು ಊರಿನ ಅಣ್ಣನ ಮನೆಯಲ್ಲಿರಲಿ. ಬೀಗ ಹಾಕಿದ ಒಂದು ಡಿಸ್ಕು, ಅದರ ಗುಪ್ತಪದ ಮನೆಯ ಇಬ್ಬರಿಗಾದರೂ ಗೊತ್ತು — ಇಷ್ಟು ಸಾಕು.

ಮಹಾನವಮಿಯಲ್ಲಿ ನಾವು ಆಯುಧಪೂಜೆ ಮಾಡಿ ಕಂಪ್ಯೂಟರಿಗೂ ಕುಂಕುಮವಿಡುತ್ತೇವೆ. ಇಲ್ಲಿಯ ವ್ಯಾಪಾರಿಗಳು ದೀಪಾವಳಿಯಲ್ಲಿ ಚೋಪಡಾ ಪೂಜನ ಮಾಡಿ ಹೊಸ ಲೆಕ್ಕದ ಪುಸ್ತಕ ತೆರೆಯುತ್ತಾರೆ. ಪೂಜೆ ನಮ್ಮದಿರಲಿ, ಲೆಕ್ಕ ಅವರಿಂದ ಕಲಿಯೋಣ. ಈ ಎರಡು ಹಬ್ಬಗಳ ನಡುವಣ ಒಂದು ಭಾನುವಾರ ಡಿಸ್ಕಿನ ವರದಿ, ವಿದ್ಯುತ್ತಿನ ಖರ್ಚು, ಭದ್ರತೆಯ ಗಡುವು, ದೂರದೂರಿನ ಪ್ರತಿ — ಈ ನಾಲ್ಕನ್ನೂ ನೋಡಿ ಒಂದು ಪುಟದಲ್ಲಿ ಬರೆದಿಡಿರಿ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರತಿ ಸರಿಯಾಗಿದೆಯೇ ಎಂದು ನೋಡುವ ನೆವದಿಂದ ಅಜ್ಜಿಯ ಹಾಡನ್ನೊಮ್ಮೆ ಹಾಕಿರಿ. ಯಂತ್ರದ ಪರೀಕ್ಷೆಯೂ ಆಯಿತು, ಕನ್ನಡದ ಪಾಠವೂ ಆಯಿತು.

 ಸಿರಿಗನ್ನಡಂ ಗೆಲ್ಗೆ!