ಕೊರಳಲ್ಲೊಂದು ಪುಟ್ಟ ಚಾಕು
(ಮಹಿಳಾ ದಿನಾಚರಣೆಯಂದು ನಮ್ಮ ಮಹಿಳಾ ವೇದಿಕೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ಸಲ ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚುವಾಗ ನಾನು ಬಗ್ಗಿದೆ. ಕುರ್ತಾದೊಳಗಿಂದ ಕಪ್ಪು ದಾರವೊಂದು ಹೊರಗೆ ಜಾರಿತು. ಹಿರಿಯರೊಬ್ಬರು, "ಇದೇನಮ್ಮ, ತಾಯಿತವೇ?" ಎಂದು ಕೇಳಿದರು. "ಅಲ್ಲ, ಚಾಕು" ಎಂದೆ. ಅವರ ಕೈಯಲ್ಲಿದ್ದ ಎಳ್ಳು ಅಲ್ಲೇ ಚೆಲ್ಲಿತು! ಆಮೇಲೆ ನಾಲ್ಕೈದು ಜನ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲಿ ಸಿಗುತ್ತದೆ? ನಮ್ಮ ಮಗಳಿಗೂ ಒಂದು ತರಿಸಿ ಕೊಡು" ಎಂದರು. ತರಿಸಿಕೊಡುವ ಮೊದಲು ಹೇಳಬೇಕಾದ ಮಾತು ಬಹಳ ಇತ್ತು. ಅದಕ್ಕೇ ಇವತ್ತು ಈ ವಿಷಯ ಆರಿಸಿಕೊಂಡೆ.

ನಾನು ಇದನ್ನು ಕೊಂಡದ್ದು ಎರಡು ವರ್ಷದ ಹಿಂದೆ. ರಿಲೀಸ್ ಮುಗಿಸಿ ರಾತ್ರಿ ಒಂದೂವರೆಗೆ ಗಚ್ಚಿಬೌಲಿಯಿಂದ ಕ್ಯಾಬ್ ಹತ್ತಿದ್ದೆ. ಚಾಲಕ ದೊಡ್ಡ ರಸ್ತೆ ಬಿಟ್ಟು ದೀಪವಿಲ್ಲದ ಒಳದಾರಿಗೆ ತಿರುಗಿಸಿದ. ಕೇಳಿದರೆ, "ಮುಂದೆ ರಸ್ತೆ ಕೆಲಸ ಮೇಡಂ" ಎಂದ. ನಿಜವೇ ಇರಬಹುದು. ಕ್ಷೇಮವಾಗಿ ಮನೆ ಮುಟ್ಟಿದೆ, ಏನೂ ಆಗಲಿಲ್ಲ. ಆದರೆ ಬೀಗದ ಕೈಯನ್ನು ಬಾಗಿಲಿಗೆ ಹಾಕಲು ನನಗೆ ಮೂರು ಸಲ ಪ್ರಯತ್ನ ಬೇಕಾಯಿತು. ಅದೇ ವಾರ ಚಾಕು ತರಿಸಿದೆ.

ಮೊದಲು, ಇದು ಏನು ಎಂದು ಹೇಳಿಬಿಡುತ್ತೇನೆ. ಇದನ್ನು ನೆಕ್ ನೈಫ್ ಎನ್ನುತ್ತಾರೆ. ಮಡಚಲು ಬರದ, ಎರಡು ಎರಡೂವರೆ ಇಂಚು ಅಲಗಿನ ಚಾಕು. ಹಿಡಿ ಕೆಳಗೆ, ತುದಿ ಮೇಲೆ ಬರುವಂತೆ ಒರೆಯಲ್ಲಿ ಕೊರಳಿಂದ ತೂಗುತ್ತದೆ. ಕೈ ಹಾಕಿ ಕೆಳಗೆಳೆದರೆ ಹೊರಬರುತ್ತದೆ. ಮಡಚುವ ಚಾಕುವಿಗೆ ಎರಡು ಕೆಲಸ, ತೆಗೆಯಬೇಕು, ಬಿಚ್ಚಬೇಕು. ನಡುಗುವ ಕೈಗೆ ಎರಡನೆಯದು ಆಗುವುದಿಲ್ಲ.

ಆರಿಸುವಾಗ ನಾಲ್ಕು ವಿಷಯ ನೋಡಿ.

ಒಂದು, ಒರೆ. ಚಾಕು ತಲೆಕೆಳಗಾಗಿ ತೂಗುವುದರಿಂದ ಅದನ್ನು ಹಿಡಿದಿಡುವುದು ಒರೆಯೊಂದೇ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಆಯಾ ಚಾಕುವಿನ ಅಚ್ಚಿಗೇ ಒತ್ತಿ ಮಾಡಿದ ಒರೆ ಒಳ್ಳೆಯದು. ಒಳಗೆ ಹೋದಾಗ ಟಕ್ ಎಂದು ಸದ್ದಾಗಬೇಕು. ಧರಿಸುವ ಮೊದಲು ದಾರ ಹಿಡಿದು ಹಾಸಿಗೆಯ ಮೇಲೆ ಇಪ್ಪತ್ತು ಸಲ ಜೋರಾಗಿ ಕುಲುಕಿ. ಒಂದು ಸಲ ಜಾರಿದರೂ ವಾಪಸು ಕಳಿಸಿ.

ಎರಡು, ದಾರ. ಎಲ್ಲಕ್ಕಿಂತ ಮುಖ್ಯ ಇದು. ಗಟ್ಟಿ ದಾರ ಬೇಡವೇ ಬೇಡ. ಯಾರಾದರೂ ಹಿಂದಿನಿಂದ ಎಳೆದರೆ ನಿಮ್ಮ ಕೊರಳಿಗೆ ನೀವೇ ಕಟ್ಟಿಕೊಂಡ ಉರುಲು ಅದು. ಆಫೀಸಿನ ಕೆಲವು ಐಡಿ ಕಾರ್ಡಿನ ಪಟ್ಟಿಗೆ ಹಿಂದೆ ಪ್ಲಾಸ್ಟಿಕ್ ಕೊಂಡಿ ಇರುತ್ತದಲ್ಲ, ಎಳೆದರೆ ತಾನೇ ಬಿಟ್ಟುಕೊಳ್ಳುತ್ತದೆ, ಅಂಥದ್ದು ಬೇಕು. ನನಗೆ ಬಂದ ಚಾಕುವಿನ ಜೊತೆ ಪ್ಯಾರಾಶೂಟಿನ ದಾರ ಇತ್ತು. ಒಂದು ಸಂಜೆ ನನ್ನ ಐದು ವರ್ಷದ ಮಗಳು ಹಿಂದಿನಿಂದ ಬಂದು ಅದಕ್ಕೆ ಜೋತುಬಿದ್ದಳು. ಉಸಿರು ಕಟ್ಟಿ ಕಣ್ಣು ಕತ್ತಲೆ ಬಂತು. ಆವತ್ತೇ ದಾರ ಬದಲಾಯಿಸಿದೆ. ಮನೆಗೆ ಬಂದ ಕೂಡಲೇ ಚಾಕುವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅಭ್ಯಾಸವೂ ಆವತ್ತಿನಿಂದಲೇ.

ಮೂರು, ಹಿಡಿ. ಕೊನೆಯಪಕ್ಷ ಮೂರು ಬೆರಳು ಕೂರಬೇಕು. ಬೆರಳು ಮುಂದೆ ಜಾರಿ ಅಲಗಿಗೆ ತಾಗದಂತೆ ತಡೆ ಇರಬೇಕು. ಬೆವತ ಕೈಗೆ ನುಣುಪು ಹಿಡಿ ನಿಲ್ಲುವುದಿಲ್ಲ.

ನಾಲ್ಕು, ತೂಕ ಮತ್ತು ಉಕ್ಕು. ಒರೆ ಸೇರಿ ನೂರು ಗ್ರಾಮಿನ ಒಳಗಿರಲಿ, ಇಲ್ಲದಿದ್ದರೆ ವಾರದಲ್ಲಿ ಬೇಸರವಾಗಿ ಡ್ರಾಯರ್ ಸೇರುತ್ತದೆ. ಮೈಗೆ ತಾಗಿಕೊಂಡಿರುವ ವಸ್ತು, ನಮ್ಮ ಸೆಖೆಗೆ ಕಾರ್ಬನ್ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ವಾಸಿ.

ಇಷ್ಟೆಲ್ಲ ಸರಿಯಾಗಿ ಆರಿಸಿದ ಮೇಲೆ ಏನಾಯಿತು ಗೊತ್ತೇ? ನಾನು ಎಂಟೆಕ್ ಓದಿದವಳು, ಪರೀಕ್ಷೆ ಮಾಡದೆ ಬಿಡುವವಳಲ್ಲ. ಚಾಕುವಿನ ಅಳತೆಗೆ ಪ್ಲಾಸ್ಟಿಕ್ ಸ್ಕೇಲು ಕತ್ತರಿಸಿ ಒರೆಗೆ ಹಾಕಿದೆ. ಯಜಮಾನರಿಗೆ ಸ್ಟಾಪ್‌ವಾಚ್ ಕೊಟ್ಟೆ. ಟೀ ಷರ್ಟಿನಲ್ಲಿ ಎರಡು ಸೆಕೆಂಡು. ದುಪಟ್ಟಾ ಇದ್ದರೆ ಐದು. ಮಂಗಳಸೂತ್ರ ದಾರಕ್ಕೆ ಸುತ್ತಿಕೊಂಡಾಗ ತೆಗೆಯಲಿಕ್ಕೇ ಆಗಲಿಲ್ಲ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿ ಕೂತರೆ ಬೆಲ್ಟು ನೇರ ಒರೆಯ ಮೇಲೇ ಬರುತ್ತದೆ. ಯಾವ ಕ್ಯಾಬಿಗೆ ಹೆದರಿ ಕೊಂಡೆನೋ, ಆ ಕ್ಯಾಬಿನಲ್ಲೇ ಅದು ಕೈಗೆ ಸಿಗುವುದಿಲ್ಲ! ಸೀರೆಯ ಮಾತು ಬಿಡಿ.

ಇನ್ನು ಕಾನೂನು. ಶಸ್ತ್ರಾಸ್ತ್ರ ನಿಯಮಗಳು ಆಯುಧ ಎಂದು ಪಟ್ಟಿ ಮಾಡುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು. ಮನೆಗೆಲಸ, ಬೇಸಾಯದ ಹತ್ಯಾರಗಳು ಅದರಿಂದ ಹೊರಗೆ. ನಮ್ಮ ಚಾಕು ಆ ಅಳತೆಗಿಂತ ಬಹಳ ಚಿಕ್ಕದು. ಹಾಗೆಂದು ಎಲ್ಲೆಲ್ಲೂ ಒಯ್ಯಬಹುದು ಎಂದಲ್ಲ. ವಿಮಾನದ ಕೈಚೀಲದಲ್ಲಿ, ನ್ಯಾಯಾಲಯದಲ್ಲಿ ಬಿಡುವುದಿಲ್ಲ. ಮೆಟ್ರೊ, ಮಾಲ್, ಆಫೀಸಿನ ತಪಾಸಣೆಯಲ್ಲೂ ತಡೆಯಬಹುದು. ದೆಹಲಿಯಲ್ಲಿ ಬಟನ್ ಚಾಕುಗಳಿಗೆ ಬೇರೆಯೇ ಅಧಿಸೂಚನೆ ಇದೆ. ಚುನಾವಣೆ, ಗಲಭೆಯ ಹೊತ್ತಿನ ನಿಷೇಧಾಜ್ಞೆ ಇದ್ದಾಗ ಚಿಕ್ಕ ಚಾಕುವೂ ತೊಂದರೆ ತರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭಗಳಲ್ಲಿ ಆ ಹಕ್ಕು ಬಹಳ ದೊಡ್ಡದು. ಆದರೆ 37ನೇ ಸೆಕ್ಷನ್ ಒಂದು ಗೆರೆ ಎಳೆಯುತ್ತದೆ: ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಹೆಚ್ಚಿಲ್ಲ. ಅದು ಆತ್ಮರಕ್ಷಣೆಯೇ ಆಗಿತ್ತು ಎಂದು ಆಮೇಲೆ ನ್ಯಾಯಾಲಯದಲ್ಲಿ ತೋರಿಸಬೇಕಾದವರೂ ನಾವೇ. ಪರ್ಸ್ ಕಿತ್ತುಕೊಂಡು ಓಡುವವನ ಬೆನ್ನು ಹತ್ತಿ ಇರಿದರೆ, ಆಗ ನಾವು ಆರೋಪಿ.

ಈಗ ನಿಮಗೆ ಹೇಳಲೇಬೇಕಾದ ಸಂಗತಿ. ಮನೆಯಲ್ಲಿ ಯಜಮಾನರ ಹೊರತು ಯಾರಿಗೂ ಇದನ್ನು ಹೇಳಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಬಸ್ಸಿಳಿದು ಮನೆಗೆ ನಡೆಯುತ್ತಿದ್ದೆ. ದೀಪವಿರುವ ದಾರಿ ಹನ್ನೆರಡು ನಿಮಿಷ. ಕಟ್ಟುತ್ತಿರುವ ಕಟ್ಟಡದ ಪಕ್ಕದ ಕತ್ತಲ ದಾರಿ ಐದು ನಿಮಿಷ. ಮೊದಲು ಯಾವತ್ತೂ ಅತ್ತ ಕಾಲಿಟ್ಟವಳಲ್ಲ. ಆವತ್ತು ಇಟ್ಟೆ. ಕೊರಳಲ್ಲಿ ಚಾಕು ಇದೆಯಲ್ಲ ಎಂಬ ಧೈರ್ಯ. ಅರ್ಧ ದಾರಿಯಲ್ಲಿ ಬೈಕೊಂದು ನನ್ನನ್ನು ದಾಟಿ ಹೋಗಿ, ತಿರುಗಿ, ನಿಧಾನವಾಗಿ ಹತ್ತಿರ ಬಂತು. ಇಬ್ಬರಿದ್ದರು. ಕೈ ಕೊರಳಿಗೆ ಹೋಯಿತು, ಹಿಡಿಯೂ ಸಿಕ್ಕಿತು. ಆ ಕ್ಷಣದಲ್ಲಿ ನನಗೆ ಗೊತ್ತಾಯಿತು, ಇದನ್ನು ಒಬ್ಬ ಮನುಷ್ಯನ ಮೈಗೆ ಚುಚ್ಚಲು ನನ್ನಿಂದಾಗದು. ಕಿತ್ತುಕೊಂಡರೆ ಅವರ ಕೈಯಲ್ಲಿ ಅದು ಇರುತ್ತದೆ, ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಬಾಯಿ ತನ್ನಷ್ಟಕ್ಕೇ ತೆರೆಯಿತು. "ಯಾರ್ರೀ ಅದು! ಬನ್ರೀ ಇಲ್ಲಿ!" ಎಂದು ಶುದ್ಧ ಕನ್ನಡದಲ್ಲಿ ಕಿರುಚಿದೆ. ಭಾಷೆ ತಿಳಿಯದ ಕಾವಲುಗಾರ ಟಾರ್ಚು ಹಿಡಿದು ಓಡಿಬಂದ. ಬೈಕು ಹೋಯಿತು.

ನನ್ನನ್ನು ಕಾಪಾಡಿದ್ದು ನನ್ನ ದನಿ. ಆ ದಾರಿಗೆ ಇಳಿಸಿದ್ದು ಆ ಚಾಕು.

ಊರಲ್ಲಿ, ಶಿರಸಿಯ ಕಡೆ, ತೋಟಕ್ಕೆ ಬರುವ ಆಳುಗಳು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಬರುತ್ತಿದ್ದರು. ನಾವು ಮಕ್ಕಳು ಒಂದು ದಿನವೂ ಹೆದರಿದ್ದಿಲ್ಲ. ದಿನಕ್ಕೆ ನೂರು ಸಲ ತೆಗೆದು ಹಾಕುವ ಕತ್ತಿ, ಕೈಗೆ ಅದರ ದಾರಿ ಗೊತ್ತು. ಅಭ್ಯಾಸವಿಲ್ಲದ ಕೈಗೆ ಚಾಕು ಒಂದು ಆಭರಣ ಅಷ್ಟೇ.

ಹಾಗಾದರೆ ಬಿಸಾಡಿದೆಯಾ ಎಂದು ಕೇಳುತ್ತೀರಿ. ಇಲ್ಲ. ಚಾರಣಕ್ಕೆ, ದೂರದ ಪ್ರಯಾಣಕ್ಕೆ ಈಗಲೂ ಧರಿಸುತ್ತೇನೆ. ಹಗ್ಗ ಕತ್ತರಿಸಲು, ಅಪಘಾತದಲ್ಲಿ ಸೀಟ್ ಬೆಲ್ಟ್ ಕುಯ್ಯಲು ಬೇಕಾಗಬಹುದು. ಯಾರಾದರೂ ಹಿಡಿದೇಬಿಟ್ಟರೆ ಬಿಡಿಸಿಕೊಂಡು ಓಡಲು, ಅದು ಕಟ್ಟಕಡೆಯ ದಾರಿ. ಆಫೀಸಿನ ದಿನಗಳಲ್ಲಿ ಅದೇ ದಾರದಲ್ಲಿ ಒಂದು ಸೀಟಿ ಇರುತ್ತದೆ. ಸೀಟಿಯನ್ನು ಯಾವ ತಪಾಸಣೆಯೂ ತಡೆಯುವುದಿಲ್ಲ, ಕಿತ್ತುಕೊಂಡವನಿಗೆ ಅದು ಉಪಯೋಗಕ್ಕೂ ಬಾರದು. ಕ್ಯಾಬ್ ಹತ್ತುವ ಮೊದಲು ನಂಬರ್ ಫೋಟೋ ಮನೆಗೆ ಹೋಗುತ್ತದೆ. ಫೋನಿನ ಪವರ್ ಬಟನ್ನನ್ನು ಬೇಗಬೇಗ ಒತ್ತಿದರೆ 112ಕ್ಕೆ ಕರೆ ಹೋಗುವ ವ್ಯವಸ್ಥೆ ಇದೆ. ಕೆಲವು ಫೋನಿನಲ್ಲಿ ಮೂರು ಸಲ, ಕೆಲವದರಲ್ಲಿ ಐದು. ನಿಮ್ಮದರಲ್ಲಿ ಎಷ್ಟು ಎಂದು ಇವತ್ತೇ ಸೆಟ್ಟಿಂಗ್ಸಿನಲ್ಲಿ ನೋಡಿಕೊಳ್ಳಿ. ಇಲ್ಲಿ ತೆಲಂಗಾಣದಲ್ಲಿ 2014ರಿಂದ ಶೀ ಟೀಮ್‌ಗಳೂ ಇವೆ.

ಮಗಳಿಗೆ ಚಾಕು ತರಿಸಿಕೊಡು ಎಂದ ಅಕ್ಕಂದಿರಿಗೆ ನನ್ನ ಉತ್ತರ ಇಷ್ಟು: ತರಿಸಿಕೊಡುತ್ತೇನೆ. ಅದಕ್ಕೂ ಮೊದಲು ಒಂದು ಭಾನುವಾರ ಅವಳನ್ನು ಕರೆದುಕೊಂಡು ಬನ್ನಿ. ಪ್ಲಾಸ್ಟಿಕ್ ಸ್ಕೇಲಿನಲ್ಲಿ ಅಭ್ಯಾಸ ಮಾಡೋಣ, ಗಂಟಲು ಬಿಚ್ಚಿ ಕಿರುಚುವುದನ್ನೂ ಕಲಿಯೋಣ. ನಾವು ಹೆಣ್ಣುಮಕ್ಕಳಿಗೆ ಮೆಲ್ಲಗೆ ಮಾತಾಡು ಎಂದೇ ಹೇಳಿ ಬೆಳೆಸಿದ್ದೇವೆ. ಮೊದಲ ದಿನ ಅದೇ ಕಷ್ಟವಾಗುತ್ತದೆ, ನೋಡಿ.