ನಾಡಪ್ರಭು ಎಂದರೆ ಯಾರು?

ಯಲಹಂಕದಲ್ಲಿ ನಿಂತು ‘ನಾಡಪ್ರಭು’ ಎಂದರೆ ಎಲ್ಲರಿಗೂ ನೆನಪಾಗುವುದು ಕೆಂಪೇಗೌಡರೊಬ್ಬರೇ. ಆ ಮಾತು ಅವರ ಹೆಸರಿಗೆ ಅಷ್ಟು ಅಂಟಿಕೊಂಡಿದೆ. ಆದರೆ ಅದು ಒಬ್ಬರನ್ನು ಹೊಗಳಲು ಹುಟ್ಟಿದ ಬಿರುದಲ್ಲ, ಹೊಣೆಗಾರಿಕೆಯ ಹೆಸರು.

ನಾಡು ಎಂದರೆ ಹಿಂದೆ ಇಡೀ ಕರ್ನಾಟಕವಲ್ಲ, ಕೆಲವು ಹಳ್ಳಿಗಳ ಕೂಟ. ಇದಕ್ಕೆ ಸಾಕ್ಷಿ ನಮ್ಮ ಹೆಬ್ಬಾಳದಲ್ಲೇ ಇದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ ವೀರಗಲ್ಲು ಸುಮಾರು ಕ್ರಿ.ಶ. 750ರದು. ಅದು ಹೇಳುವಂತೆ, ಗಂಗರ ದೊರೆ ಶ್ರೀಪುರುಷ ರಾಜ್ಯವಾಳುತ್ತಿದ್ದಾನೆ. ಅವನ ಕೆಳಗೆ ಪೆಳ್ನಗತ್ತರಸ ಪೆರ್ಬೊಳಲ್ನಾಡು ಮೂವತ್ತನ್ನು, ಅಂದರೆ ಮೂವತ್ತು ಹಳ್ಳಿಗಳ ನಾಡನ್ನು, ನೋಡಿಕೊಳ್ಳುತ್ತಿದ್ದಾನೆ. ರಾಷ್ಟ್ರಕೂಟರ ದಾಳಿಯಲ್ಲಿ ಕಿತ್ತಯ್ಯನೆಂಬ ವೀರ ಹೋರಾಡಿ ಸತ್ತಿದ್ದಾನೆ. ಮಹಾರಾಜ, ಮೂವತ್ತರ ಒಡೆಯ, ಊರಿಗಾಗಿ ಮಡಿದವ, ಮೂವರಿಗೂ ಒಂದೇ ಕಲ್ಲಿನಲ್ಲಿ ಜಾಗ. ಅಷ್ಟು ಸಣ್ಣ ಸೀಮೆಯವನೂ ಅಲ್ಲಿ ‘ಅರಸ’ನೇ ಎಂಬುದನ್ನು ಗಮನಿಸಿ.

ಮುಂದಿನ ಶಾಸನಗಳಲ್ಲಿ ಊರು, ನಾಡುಗಳ ಮುಖ್ಯಸ್ಥರಾದ ಊರ್ಗಾವುಂಡ, ನಾಳ್ಗಾವುಂಡ, ಪ್ರಭುಗಾವುಂಡ ಮತ್ತೆ ಮತ್ತೆ ಬರುತ್ತಾರೆ. ‘ಗಾವುಂಡ’ ಎಂಬ ಮಾತು ಸವೆದು ‘ಗೌಡ’ ಆಯಿತು. ನಾಳ್ಗಾವುಂಡ ಉತ್ತರ ಕರ್ನಾಟಕದಲ್ಲಿ ನಾಡಗೌಡ ಎಂಬ ಮನೆತನದ ಹೆಸರಾಗಿ ಇಂದಿಗೂ ಬದುಕಿದೆ.

ವಿಜಯನಗರದ ಕಾಲದ ಯಲಹಂಕನಾಡ ಪ್ರಭುಗಳು ಈ ಸಾಲಿನವರು. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆ ಕಟ್ಟಿಸಿದಾಗಲೂ ಸಾಮ್ರಾಟರಲ್ಲ. ಮೇಲೆ ವಿಜಯನಗರದ ದೊರೆಯಿದ್ದ. ಅದನ್ನು ಹೇಳಿದರೆ ಅವರ ಹಿರಿಮೆ ಕುಂದುತ್ತದೆ ಎಂದು ಕೆಲವರು ಅಂಜುತ್ತಾರೆ. ನನಗಂತೂ ಹೆಚ್ಚುತ್ತದೆ ಎನಿಸುತ್ತದೆ. ಒಂದು ನಾಡಿನ ಒಡೆತನವಷ್ಟೇ ಕೈಯಲ್ಲಿದ್ದವರು ಇಷ್ಟು ದೊಡ್ಡ ಊರಿಗೆ ಬುನಾದಿ ಹಾಕಿದರು! 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾಯಿತು, ಮನೆತನ ಮಾಗಡಿಗೆ ಸರಿಯಿತು; 1728ರಲ್ಲಿ ಮೈಸೂರು ಅದನ್ನೂ ಗೆದ್ದುಕೊಂಡಿತು.

ಇಂಥ ನಾಡಪ್ರಭುಗಳನ್ನೇ ಪಾಳೆಯಗಾರರೆಂದೂ ಕರೆಯುತ್ತೇವೆ. ಪಾಳೆಯವೆಂದರೆ ದಂಡಿನ ಬೀಡು; ಆ ಹೆಸರಿನಲ್ಲಿ ಕತ್ತಿಯಿದೆ, ಕೆರೆಯಿಲ್ಲ. ಇವತ್ತು ‘ಪಾಳೇಗಾರಿಕೆ’ ಎಂದರೆ ದರ್ಪ, ದೌರ್ಜನ್ಯ. ಕೆರೆ ಕಟ್ಟಿಸಿ ಪೇಟೆ ಬೆಳೆಸಿದವರಿಗೆ ನಾಡಪ್ರಭು ಎಂಬುದೇ ತಕ್ಕ ಮಾತು.

ಈ ಮಾತುಗಳ ಹಳಮೆ ನಮಗೆ ತಿಳಿಯುವುದು ಶಾಸನಗಳಿಂದ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಅದರಲ್ಲಿ ಸೇರದ ಕಲ್ಲುಗಳು ಇನ್ನೂ ಸಿಗುತ್ತಿವೆ. ಜಕ್ಕೂರಿನಲ್ಲೋ ಆರ್.ಟಿ. ನಗರದಲ್ಲೋ ಪಾಯ ತೋಡುವಾಗ ಅಕ್ಷರವಿರುವ ಕಲ್ಲು ಕಂಡರೆ ದಯವಿಟ್ಟು ಒಡೆಯಬೇಡಿ, ಚಪ್ಪಡಿ ಮಾಡಬೇಡಿ. ಪುರಾತತ್ತ್ವ ಇಲಾಖೆಗೆ ಕೂಡಲೇ ತಿಳಿಸಿ.